ನಂಬ್ರ ಬಿದ್ದ ಮರಗಳು

ಸನದ್, ಬಹರೈನ್
೨೩ ಅಕ್ಟೋಬರ್ ೧೯೮೧, ಶುಕ್ರವಾರ

ಇನಾಸ್ ಪೊರ್ಬುಗಳಿಗೆ ಗುರುವಪ್ಪನ ನಮಸ್ಕಾರ.

ನೀವು ವಿಮಾನ ಹತ್ತಿ ಹದಿನೈದು ದಿನವಾಯಿತು. ಇಷ್ಟರಲ್ಲಿ ಕಿನ್ನಿಗೋಳಿಯ ಜಗಲಿಯಲ್ಲಿ ಕಾಲು ಚಾಚಿ ಕುಳಿತು ದಿನಾ ಬಂಗುಡೆ ಸಾರಿನಲ್ಲಿ ಉಣ್ಣುತ್ತಿರುತ್ತೀರಿ, ನಮ್ಮ ನೆನಪು ಎಲ್ಲಿಂದ ಬರಬೇಕು? ನಿಮ್ಮ ಮಂಚದ ಮೇಲೆ ನನ್ನ ಒಗೆದ ಬಟ್ಟೆ ಹರಡಿದ್ದೇನೆ, ಬೇಸರ ಮಾಡಬೇಡಿ. ಒಂಬತ್ತು ವರ್ಷ ಒಂದೇ ಕೋಣೆಯಲ್ಲಿ ನಿಮ್ಮ ಗೊರಕೆ ಕೇಳಿದವನಿಗೆ ಈಗ ನಿದ್ದೆಯೇ ಹತ್ತುವುದಿಲ್ಲ ಮಾರಾಯರೇ.

ಮುಖ್ಯ ಸಂಗತಿಗೆ ಬರುತ್ತೇನೆ. ಹಾಜಿ ಮನ್ಸೂರರ ತೋಟದ ರಸ್ತೆಯ ಕೆಲಸ ಮುಗಿಯಿತು. ಒಟ್ಟು ಇನ್ನೂರ ಹದಿನಾಲ್ಕು ಖರ್ಜೂರದ ಮರ. ನೀವು ಹೇಳಿಕೊಟ್ಟ ಹಾಗೆಯೇ ಎಡದ ಸಾಲಿಗೆ ಬೆಸ ಸಂಖ್ಯೆ, ಬಲದ ಸಾಲಿಗೆ ಸಮ ಸಂಖ್ಯೆ. ಖರ್ಜೂರದ ಬೊಡ್ಡೆ ನಮ್ಮ ಊರಿನ ದೂಪದ ಮರದ ಹಾಗೆ ನುಣುಪಲ್ಲ, ಕೆರೆದು ಸಮ ಮಾಡದೆ ಬಣ್ಣ ನಿಲ್ಲುವುದಿಲ್ಲ. ಒಂದೊಂದನ್ನೂ ಕತ್ತಿಯಿಂದ ಕೆರೆದು, ಕಪ್ಪು ಪಟ್ಟಿ ಬಳಿದು, ಒಣಗಿದ ಮೇಲೆ ಬಿಳಿಯಲ್ಲಿ ನಂಬ್ರ ಬರೆದೆ. ಅಂಗೈಯಲ್ಲಿ ಗುಳ್ಳೆ ಎದ್ದಿದೆ. ಆದರೆ ರಸ್ತೆಯ ಈ ತುದಿಯಲ್ಲಿ ನಿಂತು ನೋಡಿದರೆ ಎರಡೂ ಬದಿಯ ಪಟ್ಟಿಗಳು ಒಂದೇ ನೇರಕ್ಕೆ ಕಾಣುತ್ತವೆ. ನನ್ನ ಅಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದರು.

ಮೊದಲು ಅಳತೆಯ ಟೇಪು ಹಿಡಿದು ಹೋದ ನಮ್ಮ ಸರ್ವೆ ಕಂಪೆನಿಯವರನ್ನು ಹಾಜಿ ಕುಡುಗೋಲು ಬೀಸಿ ಓಡಿಸಿದ್ದು ನಿಮಗೆ ಗೊತ್ತೇ ಉಂಟು. ಶುಕ್ರವಾರಗಳಲ್ಲಿ ಅವರ ತೋಟದ ತೋಡಿನ ಕೆಸರು ಎತ್ತಲು ನಾನು ಸುಮ್ಮನೆ ಹೋಗುತ್ತಿದ್ದೆನಲ್ಲ, ಅದಕ್ಕೆ ನನಗೆ ಮಾತ್ರ ಗೇಟು ತೆಗೆದರು. ಅಂದು ನೀರಿನ ತೊಟ್ಟಿಯ ಕಟ್ಟೆಯಲ್ಲಿ ನೀವೂ ಕುಳಿತಿದ್ದಿರಿ, ಅವರು ಕೊಟ್ಟ ಖರ್ಜೂರ ತಿನ್ನುತ್ತಿದ್ದಿರಿ. "ಗುರು, ಯೇ ನಂಬರ್ ಕಾಯ್ಕೇ ವಾಸ್ತೇ?" ಎಂದು, ಈ ನಂಬರು ಯಾತಕ್ಕೆಂದು, ಮುದುಕ ತಮ್ಮ ಹಿಂದಿಯಲ್ಲಿ ಕೇಳಿದಾಗ ನಾನು ಅಪ್ಪನ ಕಥೆ ಹೇಳಿದೆ. ಮೂಡುಬಿದಿರೆ ಕಡೆಯ ಸರಕಾರಿ ರಸ್ತೆಯಲ್ಲಿ ಅಪ್ಪ ಗ್ಯಾಂಗ್ ಮೇಸ್ತ್ರಿ. ಸಾಲುಮರಗಳಿಗೆಲ್ಲ ಅವರದೇ ಕೈಯ ನಂಬ್ರ. ನಂಬ್ರ ಬಿದ್ದ ಮರ ಸರಕಾರದ ದಫ್ತರದಲ್ಲಿ ದಾಖಲಾದ ಮರ, ಅದರ ಒಂದು ಗೆಲ್ಲು ಕಡಿದರೂ ಕಡಿದವನ ಮೇಲೆ ಕೋರ್ಟಿನಲ್ಲಿ ಕೇಸಿನ ನಂಬ್ರ ಬೀಳುತ್ತಿತ್ತು. "ಹಾಜಿ, ನಂಬರ್ ಬಿದ್ದ ಮೇಲೆ ನಿಮ್ಮ ಮರವನ್ನು ಯಾರೂ ಮುಟ್ಟುವ ಹಾಗಿಲ್ಲ" ಎಂದೆ. ಮುದುಕ ನನ್ನ ಮುಖ ನೋಡಿದರು, ನಿಮ್ಮ ಮುಖ ನೋಡಿದರು, ಮತ್ತೆ ಬಣ್ಣದ ಡಬ್ಬಿಯನ್ನು ತಾವೇ ಎತ್ತಿಕೊಂಡು ಮೊದಲ ಮರದ ಬುಡಕ್ಕೆ ನಡೆದರು. ಬಲದ ಸಾಲಿನಲ್ಲಿ ಅವರ ತಾಯಿ ನೆಟ್ಟ ಮರ ಒಂದುಂಟು, ಅದರ ನಂಬ್ರ ನಲವತ್ತಾರು. ಅದನ್ನು ಅರಬಿಯಲ್ಲಿ ಹೇಗೆ ಬರೆಯುವುದೆಂದು ನನಗೆ ಅವರೇ ಮಣ್ಣಿನಲ್ಲಿ ಗೀಚಿ ತೋರಿಸಿದರು.

ಕಂಪೆನಿಯಲ್ಲಿ ಹೇಳಿದರೆ ನಗುತ್ತಾರೆ, ನಿಮಗೆ ಹೇಳುತ್ತೇನೆ. ಹೆದ್ದಾರಿಯ ಬಿಸಿಲಿನಿಂದ ಆ ರಸ್ತೆಗೆ ತಿರುಗಿದ ಕೂಡಲೇ ಮೈಗೆ ಒದ್ದೆ ಬಟ್ಟೆ ಸುತ್ತಿದ ಹಾಗಾಗುತ್ತದೆ. ಮೇಲೆ ಎರಡೂ ಸಾಲಿನ ಗರಿಗಳು ಒಂದನ್ನೊಂದು ಮುಟ್ಟುತ್ತವೆ, ಕೆಳಗೆ ತೋಡಿನಲ್ಲಿ ನೀರು ಹರಿಯುವ ಸದ್ದು. ಈ ಮರಳುಗಾಡಿನಲ್ಲಿ ಅರ್ಧ ಮೈಲಿಗೂ ಕಡಿಮೆ ಇರುವ ಅಷ್ಟು ಜಾಗದಲ್ಲಿ ಮಾತ್ರ ನನಗೆ ಊರು ಬೇಡ ಅನಿಸುತ್ತದೆ. ಕಂಪೆನಿಯವರು ದ್ವೀಪದ ಚಂದದ ರಸ್ತೆಗಳ ಪಟ್ಟಿ ಮಾಡಿ, ಅವುಗಳನ್ನು ಇದ್ದ ಹಾಗೇ ಉಳಿಸುತ್ತಾರೆಂದು ನೀವು ಹೇಳಿದಾಗ, ಇಷ್ಟು ವರ್ಷ ಟೇಪು ಹಿಡಿದದ್ದು ಸಾರ್ಥಕ ಅನಿಸಿತ್ತು. ಪಟ್ಟಿಯಲ್ಲಿ ನಮ್ಮ ರಸ್ತೆ ಎಷ್ಟನೆಯದು? ನಕ್ಷೆ ಬರೆದವರು ನೀವೇ, ತಿಳಿಸಿ.

ನಿಮ್ಮ ಭಾವಮೈದುನ ಹರ್ಬರ್ಟನ ವೀಸಾ ನಮ್ಮ ಮ್ಯಾನೇಜರ್ ಕೋಲ್ಮನ್ ಸಾಹೇಬರ ಮೇಜಿನ ಮೇಲೆ ಉಂಟಂತೆ. ಬಂದರೆ ಈ ಕೋಣೆಗೇ ಬರಲಿ, ಬಟ್ಟೆ ತೆಗೆದು ಮಂಚ ಖಾಲಿ ಮಾಡುತ್ತೇನೆ.

ನಿಮ್ಮ,
ಗುರುವಪ್ಪ


ಕಿನ್ನಿಗೋಳಿ
14-11-81

ಪ್ರೀತಿಯ ಗುರುವಪ್ಪ,

ನಿನ್ನ ಪತ್ರ ಬಂದು ಒಂದು ವಾರವಾಯಿತು. ಮನೆಗೆ ಹೊಸ ಹಂಚು ಹೊದೆಸುವ ಗಡಿಬಿಡಿಯಲ್ಲಿ ಉತ್ತರ ಬರೆಯಲು ಕೂತದ್ದು ಇವತ್ತು. ಕೆಲಸದವರು ಒಂದು ದಿನ ಬಂದರೆ ಎರಡು ದಿನ ಮುಖ ತೋರಿಸುವುದಿಲ್ಲ. ತುಲಾ ಮಳೆ ಸುರಿಯಿತೆಂದರೆ ನಾವು ಪಾತ್ರೆ ಹಿಡಿದು ಕೋಣೆಯಿಂದ ಕೋಣೆಗೆ ಓಡಬೇಕು. ಬಹರೈನಿನಲ್ಲಿ ಇಷ್ಟು ವರ್ಷ ಮಳೆಗೆ ಹಂಬಲಿಸಿದವನಿಗೆ ಈಗ ಸಾಕೋ ಸಾಕು.

ನೀನು ಕೆಲಸ ಅಚ್ಚುಕಟ್ಟಾಗಿ ಮುಗಿಸಿದ್ದು ಸಂತೋಷ. ಪಟ್ಟಿಯಲ್ಲಿ ಆ ರಸ್ತೆ ಮೊದಲನೆಯದೇ. ಅದು ಸುಳ್ಳಲ್ಲ. ಕೋಲ್ಮನ್ ಸಾಹೇಬರಿಗೆ ಆ ರಸ್ತೆ ಮನಸ್ಸಿಗೆ ಹಿಡಿಸಿದ್ದು ನಿಜ, ಕ್ಯಾಮೆರಾ ತಂದು ನಾಲ್ಕು ಸಲ ಫೋಟೋ ತೆಗೆದಿದ್ದರು.

ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡ. ಹಾಜಿಯವರ ತೋಟಕ್ಕೆ ಹೋಗುವುದನ್ನು ಸ್ವಲ್ಪ ಕಡಿಮೆ ಮಾಡು. ಕಂಪೆನಿಯ ಕೆಲಸ ಬೇರೆ, ಸ್ನೇಹದ ಬಳಕೆ ಬೇರೆ. ನಾವು ಟೇಪು ಹಿಡಿಯುವವರು, ಗೆರೆ ಎಳೆಯುವವರು. ಮೇಲಿನವರು ಏನು ನಿರ್ಧಾರ ಮಾಡುತ್ತಾರೋ ಯಾರಿಗೆ ಗೊತ್ತು? ನಾಳೆ ಯಾರಾದರೂ ಏನಾದರೂ ಕೇಳಿದರೆ ನನಗೆ ಗೊತ್ತಿಲ್ಲ ಎಂದುಬಿಡು, ಉಪದೇಶ ಕೊಡಲು ಹೋಗಬೇಡ. ನಿನಗೆ ಬಾಯಿ ಜಾಸ್ತಿ, ಅದು ನಿನಗೂ ಗೊತ್ತು.

ಹರ್ಬರ್ಟನ ವೀಸಾ ಕೈಗೆ ಬಂತು. ಇದೇ ತಿಂಗಳ ಕೊನೆಗೆ ಹೊರಡುತ್ತಾನೆ. ಮೊದಲ ಬಾರಿ ಮನೆ ಬಿಟ್ಟು ಹೊರಟವನು, ತಿನ್ನಲು ಸಂಕೋಚ ಮಾಡುತ್ತಾನೆ, ಒತ್ತಾಯ ಮಾಡಿ ಬಡಿಸು. ವರ್ಷದ ಕೊನೆಯವರೆಗೆ ಅವನದು ತಾತ್ಕಾಲಿಕ ಕೆಲಸ, ಆಮೇಲೆ ಖಾಯಂ ಮಾಡುವುದೋ ಬಿಡುವುದೋ ಕೋಲ್ಮನ್ ಸಾಹೇಬರ ಕೈಯಲ್ಲಿ. ಅವನ ತಂಗಿಯರಿಬ್ಬರ ಮದುವೆ ಅವನನ್ನೇ ಕಾಯುತ್ತಿದೆ. ಅವನು ಅಲ್ಲಿ ನೆಲೆ ನಿಲ್ಲುವುದು ನಮಗೆ ಎಷ್ಟು ಮುಖ್ಯ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ದೇವರು ನಿನ್ನನ್ನು ಕಾಪಾಡಲಿ.

ಇನಾಸ್


ಸನದ್
೪ ಡಿಸೆಂಬರ್ ೧೯೮೧, ಶುಕ್ರವಾರ

ಇನಾಸ್ ಪೊರ್ಬುಗಳೇ,

ಹರ್ಬರ್ಟ್ ಸುಖವಾಗಿ ಬಂದು ಮುಟ್ಟಿದ. ಪಾಪದ ಹುಡುಗ ಮಾರಾಯರೇ. ಮೂವತ್ತು ವರ್ಷದ ಗಂಡಸನ್ನು ಹುಡುಗ ಎನ್ನಬಾರದು, ಆದರೆ ವಿಮಾನದಲ್ಲಿ ಕೊಟ್ಟ ಸಕ್ಕರೆ ಪೊಟ್ಟಣವನ್ನು ಜೇಬಿನಲ್ಲಿಟ್ಟು ನನಗೆ ತಂದುಕೊಟ್ಟವನನ್ನು ಇನ್ನೇನು ಎನ್ನಲಿ? ನಿಮ್ಮ ಮಂಚ ಅವನಿಗೆ ಮೆತ್ತಗಾಯಿತಂತೆ, ಬೆನ್ನು ನೋವು. ನನ್ನ ಹಲಗೆ ಮಂಚ ಅವನಿಗೆ ಕೊಟ್ಟು, ಮೆತ್ತಗಿನದು ನನಗೂ ಆಗದೆ, ನಾನು ನೆಲದಲ್ಲಿ ಚಾಪೆ ಹಾಸಿದ್ದೇನೆ. ಅಕ್ಕ, ನಿಮ್ಮ ಮನೆಯವರು, ಕಳಿಸಿದ ಉಪ್ಪಿನಕಾಯಿ ಸೋರದೆ ಬಂದಿದೆ.

ನಿಮ್ಮ ಪತ್ರದ ನಡುವೆ ಒಂದು ಸಾಲನ್ನು ಶಾಯಿಯಲ್ಲಿ ಗೀಚಿ ಹಾಕಿದ್ದೀರಿ. ಬೆಳಕಿಗೆ ಹಿಡಿದು ನೋಡಿದೆ, "ಅಲ್ಲಿಯ ನಂಬ್ರ" ಎಂಬಷ್ಟು ಓದಲು ಸಿಕ್ಕಿತು. ಕಾಗುಣಿತ ತಪ್ಪಿದ್ದಕ್ಕೆ ಗೀಚಿದಿರಾ? ನನ್ನಂತಹ ಏಳನೇ ಕ್ಲಾಸಿನವನಿಗೆ ಬರೆಯುವಾಗ ಕಾಗುಣಿತದ ಚಿಂತೆ ಎಂತದು!

ಈಗ ನಾನು ಕೇಳುವುದಕ್ಕೆ ಸರಿಯಾದ ಉತ್ತರ ಬೇಕು. ಹೋದ ವಾರ ಮಸೀದಿಯ ಎದುರಿನ ಗೋಡೆಗೆ ಅರಬಿಯಲ್ಲಿ ಒಂದು ಪ್ರಕಟಣೆ ಅಂಟಿಸಿದರು. ನಕ್ಷೆಯಲ್ಲಿ ತೋರಿಸಿದಂತೆ ತೋಟದ ರಸ್ತೆಯ ತಹಸೀನ್ ಮಾಡಲಾಗುವುದು, ತಕರಾರು ಇದ್ದವರು ಡಿಸೆಂಬರ್ ಮೂವತ್ತೊಂದರೊಳಗೆ ಬರೆದುಕೊಡಬೇಕು, ಆಮೇಲೆ ಬಂದದ್ದನ್ನು ಕೇಳುವುದಿಲ್ಲ. ತಹಸೀನ್ ಎಂದರೆ ಚಂದ ಮಾಡುವುದು ಎಂದು ಹಾಜಿ ಹೇಳುತ್ತಾರೆ. ಅವರ ಅಣ್ಣನ ಮಗ ಜಾಫರ್ ಅವಾಲಿಯ ಎಣ್ಣೆ ಕಂಪೆನಿಯ ಆಫೀಸಿನಲ್ಲಿ ಗುಮಾಸ್ತ. ಅವನು ಹೇಳುವುದೇ ಬೇರೆ. "ಚಂದ ಮಾಡುತ್ತೇವೆ ಎಂದವರೇ ಮೊದಲು ಕೊಡಲಿ ತರುವುದು, ತಕರಾರು ಕೊಟ್ಟುಬಿಡೋಣ ಚಿಕ್ಕಪ್ಪ" ಎಂದು ಅವನ ಹಟ. ನಕ್ಷೆ ನೋಡಲು ಅವನು ನಮ್ಮ ಆಫೀಸಿಗೂ ಹೋಗಿ ಬಂದ. ಕೋಲ್ಮನ್ ಸಾಹೇಬರು ರಜೆಯಲ್ಲಿದ್ದಾರೆ, ಕಪಾಟಿಗೆ ಬೀಗ. ನಾನು ಕೇಳಿದರೆ ಮೇಲಿನ ಗುಮಾಸ್ತ "ನೀನು ಟೇಪು ಹಿಡಿ" ಎಂದ.

ಹಾಜಿ ನನ್ನನ್ನು ಕರೆಸಿದರು. ಜಾಫರನ ಎದುರಿಗೇ ಕೇಳಿದರು, "ಗುರು, ನೀನೇನು ಹೇಳುತ್ತಿ?" ನಾನು ಹೇಳಿದೆ: "ಆ ನಕ್ಷೆ ಬರೆದವರು ನನ್ನ ಮನುಷ್ಯ. ನನ್ನ ಕೋಣೆಯವರು. ಅವರನ್ನು ಕೇಳಿ ಹೇಳುತ್ತೇನೆ. ಅಲ್ಲಿಯವರೆಗೆ ನೀವೇನೂ ಮಾಡಬೇಡಿ, ಸುಮ್ಮನೆ ತಕರಾರು ಕೊಟ್ಟರೆ ಚಂದದ ಪಟ್ಟಿಯಿಂದಲೇ ರಸ್ತೆಯನ್ನು ತೆಗೆದುಹಾಕಿಯಾರು." ಹಾಜಿ ತಲೆಯಾಡಿಸಿದರು. ಜಾಫರ್ ಎದ್ದು ಹೋದ.

ಮುಲ್ಕಿಯ ಡ್ರೈವರ್ ಹುಸೈನಬ್ಬ ನಾಳೆ ಊರಿಗೆ ಹೊರಡುತ್ತಾನೆ. ಟಪಾಲನ್ನು ನಂಬದೆ ಈ ಪತ್ರ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ, ನಿಮ್ಮ ಕೈಗೇ ಕೊಡಬೇಕೆಂದು ಆಣೆ ಹಾಕಿಸಿದ್ದೇನೆ. ಹಾಜಿ ತಕರಾರು ಕೊಡಬೇಕೋ ಬೇಡವೋ? ಪತ್ರ ಬರೆಯಲು ಬಿಡುವಿಲ್ಲದಿದ್ದರೆ ತಂತಿ ಹೊಡೆಯಿರಿ. ಕೊಡು, ಅಥವಾ ಬೇಡ. ಒಂದು ಶಬ್ದ ಸಾಕು.

ಗುರುವಪ್ಪ


ಸನದ್
೨೫ ಡಿಸೆಂಬರ್ ೧೯೮೧

ಇನಾಸ್ ಪೊರ್ಬುಗಳಿಗೆ,

ಕ್ರಿಸ್ಮಸ್ ಹಬ್ಬದ ಶುಭಾಶಯ. ಹರ್ಬರ್ಟ್ ಮನಾಮದ ಇಗರ್ಜಿಗೆ ಹೋಗಿದ್ದಾನೆ. ಅಕ್ಕ ಹದಿಮೂರನೇ ತಾರೀಕಿಗೆ ಅವನಿಗೆ ಬರೆದ ಪತ್ರ ನಿನ್ನೆ ಬಂತು. ಹನ್ನೊಂದು ದಿನಕ್ಕೆ ಟಪಾಲು ಬರುತ್ತದೆ ಎಂದಾಯಿತು. ಅದರಲ್ಲಿ ಹುಸೈನಬ್ಬ ಒಂಬತ್ತಕ್ಕೇ ಮನೆಗೆ ಬಂದು ಹೋದ ಸಂಗತಿ ಉಂಟು, ಅವನು ಚಾ ಕುಡಿದದ್ದೂ ಉಂಟು. ನನ್ನ ಹೆಸರಿಗೆ ಮಾತ್ರ ಏನೂ ಇಲ್ಲ.

ನಿಮಗೆ ಜ್ವರವೇ? ಜ್ವರವಾದರೆ ಅಕ್ಕ ಬರೆಯುತ್ತಿದ್ದರು. ಹಂಚಿನ ಕೆಲಸವೂ ಮುಗಿದಿದೆಯಂತೆ.

ಬೆಳಿಗ್ಗೆ ತೋಟಕ್ಕೆ ಹೋಗಿದ್ದೆ. ಜಾಫರ್ ತಕರಾರಿನ ಕಾಗದ ಬರೆದು ತಂದಿದ್ದ, ಹಾಜಿಯ ಹೆಬ್ಬೆಟ್ಟು ಮಾತ್ರ ಬಾಕಿ. ಹಾಜಿ ನನ್ನನ್ನು ನೋಡಿದರು. "ನಿನ್ನ ಇನಾಸನ ಜವಾಬು ಬಂತಾ?" ನಾನು ಇಲ್ಲ ಎಂದೆ. ಏನಾದರೂ ತೊಂದರೆ ಇದ್ದರೆ ಅವರು ಖಂಡಿತ ತಿಳಿಸುತ್ತಿದ್ದರು, ತಿಳಿಸಲಿಲ್ಲವೆಂದರೆ ತೊಂದರೆ ಇಲ್ಲವೆಂದೇ ಅರ್ಥ ಎಂದೂ ಹೇಳಿಬಿಟ್ಟೆ. ಊರಿನ ಟಪಾಲು ಹನ್ನೊಂದೇ ದಿನಕ್ಕೆ ಬರುತ್ತದೆ ಎಂದೂ ಸೇರಿಸಿದೆ. ಹಾಜಿ ಕಾಗದವನ್ನು ಮಡಚಿ ಜಾಫರನ ಜೇಬಿಗೆ ತುರುಕಿ, "ಗುರು ಹೇಳಿದ ಮೇಲೆ ಮುಗಿಯಿತು" ಎಂದರು.

ಇನ್ನು ಆರು ದಿನ ಉಂಟು. ಕೈಮುಗಿದು ಕೇಳುತ್ತೇನೆ, ತಂತಿ ಹೊಡೆಯಿರಿ.

ಗುರುವಪ್ಪ


ಕಿನ್ನಿಗೋಳಿ
12-12-81

ಪ್ರೀತಿಯ ಗುರುವಪ್ಪ,

ಹುಸೈನಬ್ಬ ನಿನ್ನ ಪತ್ರ ಕೊಟ್ಟು ಮೂರು ದಿನವಾಯಿತು. ಮೂರು ದಿನವೂ ಬರೆಯಲು ಕೂತು ಕೂತು ಎದ್ದಿದ್ದೇನೆ. ಇನ್ನು ಮುಚ್ಚಿಡಲಾರೆ.

ಹಾಜಿಯವರು ತಕ್ಷಣ ತಕರಾರು ಕೊಡಬೇಕು. ಈ ಪತ್ರ ಓದಿದ ಕೂಡಲೇ ಓಡಿಹೋಗಿ ಹೇಳು. ಇನ್ನೂ ಹತ್ತೊಂಬತ್ತು ದಿನ ಇದೆ.

ರಸ್ತೆ ಚಂದದ ಪಟ್ಟಿಯಲ್ಲಿರುವುದು ನಿಜ. ಆದರೆ ಪಟ್ಟಿಗೆ ಸೇರಿಸಿದ ರಸ್ತೆಗೆ ಜನ ಕಾರಿನಲ್ಲಿ ಬರಬೇಕು, ಎದುರಿನಿಂದ ಇನ್ನೊಂದು ಕಾರು ಬಂದರೆ ದಾಟಬೇಕು, ಅಲ್ಲಲ್ಲಿ ನಿಲ್ಲಿಸಿ ಫೋಟೋ ತೆಗೆಯಬೇಕು ಎಂದು ಕೋಲ್ಮನ್ ಸಾಹೇಬರ ಲೆಕ್ಕ. ಅದಕ್ಕೆ ರಸ್ತೆ ಅಗಲವಾಗಬೇಕು. ಅಗಲವಾಗಲು ಬಲದ ಸಾಲು ಹೋಗಬೇಕು. ಸಮ ಸಂಖ್ಯೆಯ ನೂರ ಏಳು ಮರ. ಆ ಕೆಂಪು ಗೆರೆ ಎಳೆದದ್ದು ಈ ಕೈಯೇ. ನಿನ್ನಿಂದ ನಂಬ್ರ ಹಾಕಿಸಿದ್ದು ಕಡಿಯುವವರಿಗೆ ಗುರುತು ಸಿಗಲಿ ಎಂದು.

ತೊಟ್ಟಿಯ ಕಟ್ಟೆಯಲ್ಲಿ ನೀನು ನಿನ್ನ ಅಪ್ಪನ ಕಥೆ ಹೇಳುವಾಗ ನನ್ನ ಬಾಯಲ್ಲಿ ಖರ್ಜೂರ ಇತ್ತು. ಹಾಜಿ ನನ್ನ ಮುಖ ನೋಡಿದರು. ನಾನು ಬೀಜ ಉಗುಳಿ ನೀರು ನೋಡುತ್ತಾ ಕುಳಿತೆ. ತೋಟದವರ ಕಡೆಯಿಂದ ವರ್ಷದ ಕೊನೆಯವರೆಗೆ ಒಂದೂ ತಕರಾರು ಬರಬಾರದು, ಬಾರದಿದ್ದರೆ ಹರ್ಬರ್ಟನ ಕೆಲಸ ಖಾಯಂ ಎಂದು ಕೋಲ್ಮನ್ ಸಾಹೇಬರು ನನಗೆ ಮಾತು ಕೊಟ್ಟಿದ್ದರು. ಹಾಜಿ ಮಾತು ಕೇಳುವುದು ನಿನ್ನದೊಂದನ್ನೇ ಎಂದು ಅವರಿಗೆ ಹೇಳಿದವನೂ ನಾನೇ.

ಈಗ ಹರ್ಬರ್ಟನ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ತಕರಾರು ಬಂದರೆ ಅವನು ವಾಪಸು ಬರಬೇಕಾದೀತು. ಬರಲಿ. ಅದನ್ನೂ ಲೆಕ್ಕಿಸದೆ ನಿನಗೆ ಸತ್ಯ ಬರೆಯುತ್ತಿದ್ದೇನೆ ಎಂಬುದನ್ನಾದರೂ ಮನಸ್ಸಿನಲ್ಲಿಟ್ಟು ನನ್ನನ್ನು ಕ್ಷಮಿಸು. ಒಂದು ವೇಳೆ ಟಪಾಲಿನವರ ತಪ್ಪಿನಿಂದ ಪತ್ರ ತಡವಾದರೆ ನಾನು ಹೊಣೆಯಲ್ಲ, ನಾನು ಸಮಯಕ್ಕೆ ಬರೆದಿದ್ದೇನೆ.

ಮಕ್ಕಳು ಬಾಲಯೇಸುವಿನ ಗೋದಲಿ ಬಿಚ್ಚಿ ಗೊಂಬೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾರೆ, ಆ ಗಲಾಟೆಯ ನಡುವೆ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಹೊಂದಿಸಿಕೊಂಡು ಓದು.

ನಿನ್ನ,
ಇನಾಸ್


ಸನದ್, ಬಹರೈನ್
೨೯ ಜನವರಿ ೧೯೮೨, ಶುಕ್ರವಾರ

ಶ್ರೀ ಇಗ್ನೇಷಿಯಸ್ ಲೋಬೋ ಅವರಿಗೆ,

ತಾವು ಡಿಸೆಂಬರ್ ಹನ್ನೆರಡಕ್ಕೆ ಬರೆದದ್ದೆಂದು ಹೇಳುವ ಪತ್ರ ಜನವರಿ ಹತ್ತೊಂಬತ್ತಕ್ಕೆ ನನ್ನ ಕೈಸೇರಿತು.

ಅದಕ್ಕೆ ಮೊದಲೇ ಎಲ್ಲ ಮುಗಿದಿತ್ತು. ಜನವರಿ ಹನ್ನೊಂದರ ಬೆಳಿಗ್ಗೆ ಲಾರಿಯಲ್ಲಿ ಎಂಟು ಜನ ಬಂದರು. ಮೋಟಾರ್ ಗರಗಸ, ಹಗ್ಗ, ಒಂದು ಟೈಪ್ ಮಾಡಿದ ಪಟ್ಟಿ. ಪಟ್ಟಿಯಲ್ಲಿ ಎರಡು, ನಾಲ್ಕು, ಆರು, ಎಂಟು. ಅದನ್ನು ನೋಡಿದಾಗ ನನಗೆ ಗೊತ್ತಾಯಿತು. ಎಡಕ್ಕೆ ಬೆಸ, ಬಲಕ್ಕೆ ಸಮ ಎಂದು ನೀವು ಯಾಕೆ ಅಷ್ಟು ಒತ್ತಿ ಹೇಳಿದ್ದಿರಿ ಎಂಬುದು ರಸ್ತೆಯ ನಡುವೆ ನಿಂತು ಗೊತ್ತಾಯಿತು. ಅಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟೆ.

ಹಾಜಿ ಬಂದರು. ಕುಡುಗೋಲು ತರುತ್ತಾರೆ, ನನ್ನನ್ನು ಕಡಿಯುತ್ತಾರೆ ಎಂದುಕೊಂಡಿದ್ದೆ. ಕಡಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಬರಿಗೈಯಲ್ಲಿ ಬಂದು, ತೊಟ್ಟಿಯ ಕಟ್ಟೆಯಲ್ಲಿ ಕುಳಿತು, ಲಾರಿಯವರಿಗೆ ಒಂದು ಮಾತು ಹೇಳಿದರು. ಪ್ರತಿ ಮರಕ್ಕೂ ಗರಗಸ ಇಡುವ ಮೊದಲು ಅದರ ನಂಬರನ್ನು ಗುರು ಗಟ್ಟಿಯಾಗಿ ಓದಬೇಕು. "ಬರೆದವನು ಅವನೇ, ಓದುವವನೂ ಅವನೇ." ಲಾರಿಯವರಿಗೆ ಜಗಳ ಬೇಡವಾಗಿತ್ತು, ಒಪ್ಪಿದರು. ನಾನು ಓದಿದೆ. ಅರಬಿಯಲ್ಲಿ ಓದಿದೆ. ಎರಡು ದಿನ, ನೂರ ಏಳು ಮರ. ಒಂದೊಂದು ಬಿದ್ದಾಗಲೂ ಮೇಲಿನಿಂದ ಒಂದು ತುಂಡು ಬಿಸಿಲು ನನ್ನ ತಲೆಯ ಮೇಲೆ ಬೀಳುತ್ತಿತ್ತು. ನಲವತ್ತಾರು ಬಂದಾಗ ಬಾಯಿ ತೆರೆಯಲು ಆಗಲಿಲ್ಲ. ಹಾಜಿ ಕಾದರು. ಎಲ್ಲರೂ ಕಾದರು. ಕೊನೆಗೆ ಓದಿದೆ. ಆ ದಿನದಿಂದ ಕೂತ ಗಂಟಲು ಇನ್ನೂ ಸರಿಯಾಗಿಲ್ಲ.

ಈಗ ಅಲ್ಲಿ ಡಾಂಬರು ಹಾಕಿದ್ದಾರೆ. ಕಾರುಗಳು ಬರುತ್ತವೆ. ಜಿಂಜ್ ಬಡಾವಣೆಯಿಂದ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದವರು ಇಳಿದು ಸುತ್ತ ನೋಡಿ, ಬಿಸಿಲು ತಡೆಯದೆ ಐದು ನಿಮಿಷಕ್ಕೆ ವಾಪಸು ಹತ್ತುತ್ತಾರೆ. ತೋಡಿನ ಮೇಲೆ ಕಾಂಕ್ರೀಟ್ ಹಲಗೆ ಮುಚ್ಚಿದ್ದಾರೆ, ನೀರಿನ ಸದ್ದು ಕೇಳುವುದಿಲ್ಲ. ಚಂದದ ರಸ್ತೆ ಎಂದು ಎರಡು ಭಾಷೆಯಲ್ಲಿ ಬೋರ್ಡು ಹಾಕಿದ್ದಾರೆ.

ನಿಮ್ಮ ಪತ್ರದ ಮಾತಿಗೆ ಬರುತ್ತೇನೆ. ಮೊದಲ ಸಲ ಓದಿದಾಗ ನನಗೆ ನಿಮ್ಮ ಮೇಲೆ ಕೋಪ ಬಂದರೂ, ಒಳಗೊಳಗೆ ಒಂದು ಸಮಾಧಾನವೂ ಆಯಿತು. ಕೊನೆಗಾದರೂ ಹೇಳಿದರು, ಟಪಾಲಿನವರು ಕೆಡಿಸಿದರು ಎಂದುಕೊಂಡೆ. ಮನೆಯವರಿಗಾಗಿ ಒಬ್ಬ ಬಾಯಿ ಮುಚ್ಚಿದರೆ ಅದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ನನಗೂ ಮನೆ ಉಂಟು.

ಅದೇ ಪತ್ರ ಹಿಡಿದುಕೊಂಡು ಹಾಜಿಯ ಹತ್ತಿರ ಓಡಿದೆ. ನನಗೆ ಗೊತ್ತಿರಲಿಲ್ಲ ಹಾಜಿ, ನೋಡಿ, ಇದರಲ್ಲಿ ಎಲ್ಲ ಬರೆದಿದ್ದಾರೆ, ಓದಿ ಹೇಳುತ್ತೇನೆ ಎಂದೆ. ಜಾಫರ್ ಅಲ್ಲೇ ಇದ್ದ. ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡ. ಕನ್ನಡ ಅವನಿಗೆ ಬರುವುದಿಲ್ಲ. ಆದರೆ ಮೇಲೆ ನೀವು ಇಂಗ್ಲಿಷ್ ಅಂಕಿಯಲ್ಲಿ ತಾರೀಕು ಬರೆದಿದ್ದೀರಲ್ಲ, ಅದನ್ನು ಓದಿದ. ಹಾಜಿಗೆ ತೋರಿಸಿದ. "ನೋಡು ಚಿಕ್ಕಪ್ಪ, ಹನ್ನೆರಡನೇ ತಿಂಗಳ ಹನ್ನೆರಡು. ಹನ್ನೊಂದು ದಿನದಲ್ಲಿ ಟಪಾಲು ಬರುತ್ತದೆ ಎಂದು ಇವನೇ ಹೇಳಿದ್ದಾನೆ. ಅಂದು ಬೆಳಿಗ್ಗೆ ನಿನ್ನ ಹೆಬ್ಬೆಟ್ಟು ತಪ್ಪಿಸುವಾಗ ಇದು ಇವನ ಜೇಬಿನಲ್ಲಿತ್ತು."

ಲಕೋಟೆಯ ಮೇಲಿನ ಇಲ್ಲಿಯ ಟಪಾಲಿನ ಮುದ್ರೆ ತೋರಿಸಿದೆ. ಯಾವ ಪತ್ರದ ಲಕೋಟೆಯೋ ಯಾರಿಗೆ ಗೊತ್ತು ಎಂದ. ಹಾಜಿ ಪತ್ರವನ್ನು ನನ್ನ ಕೈಗಿಟ್ಟು ಒಳಗೆ ಹೋದರು. ಗೇಟಿಗೆ ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿತು. ಏಳು ವರ್ಷದಲ್ಲಿ ನಾನು ಇದ್ದಾಗ ಆ ಅಗುಳಿ ಹಾಕಿದ್ದು ಅದೇ ಮೊದಲು.

ಕೋಣೆಗೆ ಬಂದು ಊರಿನ ಮುದ್ರೆಯನ್ನೂ ಸರಿಯಾಗಿ ನೋಡಿದೆ. ಕಿನ್ನಿಗೋಳಿ, ಎಂಟು ಜನವರಿ. ಟಪಾಲಿನವರ ತಪ್ಪಂತೆ! ನಿಮ್ಮ ಮನೆಯಿಂದ ಅಂಚೆ ಕಚೇರಿಗೆ ಎಷ್ಟು ದೂರ, ಇಪ್ಪತ್ತೇಳು ದಿನದ ದಾರಿಯೇ? ಮತ್ತೆ ಪತ್ರ ಓದಿದೆ. ಗೋದಲಿ ಬಿಚ್ಚುತ್ತಿದ್ದಾರೆ. ನಾನು ಇಗರ್ಜಿಯ ಶಾಲೆಯಲ್ಲಿ ಕಲಿತವನು ಸ್ವಾಮೀ. ಡಿಸೆಂಬರ್ ಹನ್ನೆರಡಕ್ಕೆ ಗೋದಲಿ ಕಟ್ಟಿಯೇ ಇರುವುದಿಲ್ಲ, ಬಿಚ್ಚುವುದು ಹೇಗೆ? ಜನವರಿ ಆರರ ಮೂವರು ರಾಜರ ಹಬ್ಬ ಕಳೆದ ಮೇಲಲ್ಲವೇ ಬಿಚ್ಚುವುದು?

ಹರ್ಬರ್ಟನ ಕೆಲಸ ಖಾಯಂ ಆದದ್ದು ಜನವರಿ ಎರಡಕ್ಕೆ. ಅಂದೇ ಅವನು ನಿಮಗೆ ತಂತಿ ಹೊಡೆದ. ಆ ತಂತಿ ಕೈಗೆ ಬಂದ ಮೇಲೆ ಕುಳಿತು ನೀವು ಬರೆದಿರಿ, ಅವನ ವಿಷಯ ಇತ್ಯರ್ಥವಾಗಿಲ್ಲ, ಆದರೂ ಸತ್ಯ ಬರೆಯುತ್ತಿದ್ದೇನೆ ಎಂದು. ಮೇಲೆ ಡಿಸೆಂಬರಿನ ತಾರೀಕು ಹಾಕಿದಿರಿ. ಮರ ಕಡಿಸಿದ್ದು ಕಂಪೆನಿ. ಬಾಯಿ ಮುಚ್ಚಿದ್ದು ಮನೆಯ ಕಷ್ಟಕ್ಕೆ. ಈ ತಾರೀಕು ಯಾರಿಗೆ, ಇನಾಸ್ ಪೊರ್ಬುಗಳೇ? ನಿಮ್ಮ ಕೈ ತೊಳೆದುಕೊಳ್ಳಲು ನೀವು ಚೆಲ್ಲಿದ ನೀರು ನನ್ನ ತಲೆಯ ಮೇಲೆ ಬಿತ್ತು. ಈ ಊರಿನಲ್ಲಿ ಹಾಜಿ ಮನ್ಸೂರರಿಗೆ ಮೋಸ ಮಾಡಿದವನು ಗುರುವಪ್ಪ. ಅಂಗಡಿಯಲ್ಲಿ ಅಕ್ಕಿ ಕೊಡುವವನೂ ಈಗ ನನ್ನ ಮುಖ ನೋಡುವುದಿಲ್ಲ.

ನಡೆದದ್ದನ್ನು ನಡೆದ ಹಾಗೆ ಹಾಜಿಗೆ ಒಂದು ಕಾಗದ ಬರೆಯಿರಿ ಎಂದು ಕೇಳೋಣ ಎಂದುಕೊಂಡೆ. ಆಮೇಲೆ ಬಿಟ್ಟೆ. ನಿಮ್ಮ ಕೈಯಲ್ಲಿ ಬರೆದ ತಾರೀಕನ್ನು ಇನ್ನು ಯಾರು ನಂಬಬೇಕು?

ಕಂಪೆನಿ ನನಗೆ ಇನ್ನೊಂದು ರಸ್ತೆ ಕೊಟ್ಟಿತು, ಬಣ್ಣದ ಡಬ್ಬಿಯನ್ನೂ ಕೊಟ್ಟಿತು. ಮುಟ್ಟಲಿಲ್ಲ. ಸಾಮಾನು ಕೋಠಿಗೆ ಹಾಕಿದ್ದಾರೆ, ಮೊಳೆ ಎಣಿಸುತ್ತಿದ್ದೇನೆ.

ಹರ್ಬರ್ಟನಿಗೆ ಇದು ಯಾವುದೂ ಗೊತ್ತಿಲ್ಲ. ನಾನು ಹೇಳಿಲ್ಲ. ಹೇಳಿದರೆ ಅವನು ಇವತ್ತೇ ಕೆಲಸ ಬಿಟ್ಟು ಬರುತ್ತಾನೆ, ಅಂಥ ಮನುಷ್ಯ ಅವನು. ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ನಾನು ಬರೆಯುವುದು ನೋಡಿ ತನ್ನದೂ ನಾಲ್ಕು ಸಾಲು ಇರಲಿ ಎನ್ನುತ್ತಿದ್ದಾನೆ. ಬರೆದದ್ದನ್ನು ಒಳಗೆ ಮಡಚಿ ಕೆಳಗಿನ ಜಾಗ ಅವನಿಗೆ ಕೊಡುತ್ತಿದ್ದೇನೆ.

ಗುರುವಪ್ಪ


ಬಾವೋಜಿ, ನಾನು ಹರ್ಬರ್ಟ್. ಗುರುವಪ್ಪಣ್ಣನೂ ಓದಲಿ ಎಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಸಂಬಳದ ಚೀಟಿ ಬಂತು. ತಂಗಿಯರಲ್ಲಿ ದೊಡ್ಡವಳಿಗೆ ಗಂಡು ನೋಡಲು ಶುರು ಮಾಡಿ ಎಂದು ಅಕ್ಕನಿಗೆ ಹೇಳಿ. ಇವರಿಗೆ ಹದಿನೈದು ದಿನದಿಂದ ಗಂಟಲು ನೋವು, ಮಾತು ಕಡಿಮೆ. ಮದ್ದು ತಂದುಕೊಟ್ಟರೂ ಬೇಡ ಎನ್ನುತ್ತಾರೆ. ಮಂಚವನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ತುಂಬಾ ಒಳ್ಳೆಯವರು. ನಾನು ಹೊರಡುವಾಗ ಬಸ್ ಸ್ಟ್ಯಾಂಡಿನಲ್ಲಿ ನೀವು ಹೇಳಿದ್ದಿರಲ್ಲ, ಗುರುವಪ್ಪ ಯಾರು ಏನು ಹೇಳಿದರೂ ನಂಬುವ ಮನುಷ್ಯ ಎಂದು. ನೂರಕ್ಕೆ ನೂರು ನಿಜ, ಬಾವೋಜಿ.